ಮೂಲೆ ಹರಿದ ಕಾರ್ಡು

ಆದವಾನಿಯ ಕಚೇರಿ ಎದುರು ಟೈಪು ಯಂತ್ರ ಇಟ್ಟುಕೊಂಡು ಹೊಸದಾಗಿ ಅರ್ಜಿ ಬರೆಯಲು ಕೂತಿರುವ ಇಬ್ಬರು ಮೊನ್ನೆ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಅಂಚೆಕಚೇರಿಯ ಜಗಲಿಯಲ್ಲಿ ಕೂತು ಆಯುಷ್ಯವೆಲ್ಲ ಊರವರ ಕಾಗದ ಬರೆದ ಪಂತುಲು ನಾನೆಂದು ಯಾರೋ ಹೇಳಿದರಂತೆ. ಅವರಲ್ಲಿ ಒಬ್ಬ ಕೇಳಿದ: “ಒಂದೊಂದಿನ ಕೈ ಓಡಂಗಿಲ್ರಿ ಪಂತುಲು. ಬರಿಯಾಕ ಕುಂತ್ರ ಒಂದಕ್ಷರ ಬರಂಗಿಲ್ಲ. ನಿಮಗೂ ಹಂಗ ಆಗತಿತ್ತೇನು? ಆದ್ರ ಏನು ಮಾಡ್ತಿದ್ರಿ?”

“ಚಹಾ ಕುಡೀತಿದ್ದೆ” ಎಂದೆ. ಅವರು ನಕ್ಕು ಎದ್ದು ಹೋದರು. ಅವರು ಹೋದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಒಂದು ಕಾಲದಲ್ಲಿ ಏಳು ತಿಂಗಳು ನನ್ನ ಕೈ ಒಂದು ಕಾರ್ಡನ್ನೂ ಪೂರ್ತಿ ಬರೆದಿರಲಿಲ್ಲ. ಅದು ಹೇಗೆ ನಿಂತಿತು, ಮತ್ತೆ ಹೇಗೆ ಓಡಿತು ಎಂಬುದನ್ನು ಯಾರಿಗೂ ಹೇಳಿಲ್ಲ. ಈಗ ಬರೆದಿಡುತ್ತೇನೆ. ಇದರಲ್ಲಿ ಉಪಾಯ ಹುಡುಕುವವರು ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯದು.

ನಾನು ಈ ಕೆಲಸ ಕಲಿತದ್ದು ಗೋವಿಂದಪ್ಪ ಎಂಬ ಹಿರಿಯರ ಕೈಕೆಳಗೆ. ಆಗ ನಮ್ಮ ಸೀಮೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಜಗಲಿಯ ಮೇಲೆ ನಾಲ್ಕು ಜನ ಬರೆಯುವವರು ಕೂರುತ್ತಿದ್ದರು. ಅವರಲ್ಲಿ ಗೋವಿಂದಪ್ಪನವರೇ ದೊಡ್ಡವರು. ಕನ್ನಡ, ತೆಲುಗು ಎರಡೂ ಅವರಿಗೆ ನೀರು ಕುಡಿದಷ್ಟು ಸುಲಭ. ಮೊದಲ ಒಂದು ವರ್ಷ ಅವರು ನನ್ನಿಂದ ಒಂದು ಕಾಗದವನ್ನೂ ಬರೆಸಲಿಲ್ಲ. ದಿನಾ ಬೆಳಿಗ್ಗೆ ಕೂರಿಸಿ, “ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮ ತಿಳಿಸುವುದು” ಎಂಬ ಸಾಲನ್ನು ಕೈ ನೋಯುವ ತನಕ ಬರೆಸುತ್ತಿದ್ದರು. ತಲೆ ಎತ್ತಿ ಯಾಕೆ ಎಂದು ಕೇಳಿದರೆ ರೂಲುಕಟ್ಟಿಗೆಯಿಂದ ಗೆಣ್ಣಿನ ಮೇಲೆ ಒಂದು ಬೀಳುತ್ತಿತ್ತು.

“ತಲಿ ಎಲ್ಲೆರ ಇರಲಿ, ಕೈ ಕಾಗದದ ಮ್ಯಾಗ ಇರಬೇಕು” ಎನ್ನುತ್ತಿದ್ದರು ಅವರು. “ಕೈ ತಾನ ಬರೀಬೇಕು. ತಲಿ ಕೇಳಿ ಬರಿಯೋನು ಮಧ್ಯಾಹ್ನದಾಗ ಸುಸ್ತಾಗ್ತಾನ.”

ಆ ಪಾಠವನ್ನು ನಾನು ಚೆನ್ನಾಗಿಯೇ ಕಲಿತೆ. ಆದರೆ ಮೊದಲ ಸಲ ಸ್ವಂತವಾಗಿ ಬರೆದಾಗ ಬುದ್ಧಿ ಖರ್ಚು ಮಾಡಲು ಹೋಗಿ ಕೆಟ್ಟೆ. ಆಲೂರಿನ ಕಡೆಯ ಕುರಿ ಸಾಕುವವನೊಬ್ಬ ತಮ್ಮನಿಗೆ ಟಗರು ಹೊಡೆದುಕೊಂಡು ಬಾ ಎಂದು ಬರೆಸಲು ಬಂದ. ನಾನು “ತಾವು ಈ ಪತ್ರ ಕಂಡ ಕೂಡಲೆ ಉಕ್ತ ಟಗರಿನ ಸಮೇತ ತಪ್ಪದೆ ಹಾಜರಾಗತಕ್ಕದ್ದು” ಎಂದು ಬರೆದು ಬೀಗಿದೆ. ಊರಲ್ಲಿ ಅದನ್ನು ಓದಿಸಿಕೊಂಡ ತಮ್ಮ, ಟಗರು ಕದ್ದದ್ದೆಂದು ಪೊಲೀಸರ ಕಾಗದ ಬಂದಿದೆ ಎಂದುಕೊಂಡು ವಾರದ ಮಟ್ಟಿಗೆ ಜಾಲಿ ಕಂಟಿಯೊಳಗೆ ಅಡಗಿದ್ದನಂತೆ. ಗೋವಿಂದಪ್ಪನವರು ಜಗಲಿಯವರೆಲ್ಲ ಕೇಳುವಂತೆ ಆ ಕಥೆ ಹೇಳಿ ನನ್ನ ಮಾನ ಕಳೆದರು. ಅಂದಿನಿಂದ ನಾನು ತಲೆಯನ್ನು ಮನೆಯಲ್ಲೇ ಬಿಟ್ಟು ಬರತೊಡಗಿದೆ.

ಕೆಲವು ವರ್ಷಗಳಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ ಪಕ್ಕದವರ ಜಗಳ ಕೇಳುತ್ತಲೇ ಕಾರ್ಡು ಮುಗಿಸುತ್ತಿದ್ದೆ. ಹೇಳುವವರು ಅಳುತ್ತಿದ್ದರೂ ಅಕ್ಷರ ಅಲುಗುತ್ತಿರಲಿಲ್ಲ. ಕೌತಾಳಂ, ನಾಗಲದಿನ್ನೆ, ಆಲೂರು, ಎಲ್ಲ ಕಡೆಯವರೂ ಪಂತುಲು ಯಾರೆಂದು ಕೇಳಿಕೊಂಡು ನನ್ನ ಮುಂದೆಯೇ ಕೂರುತ್ತಿದ್ದರು. ನನಗೆ ಜಂಬ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಮೂಲೆಯ ವಿಷಯ. ಈಗಿನವರಿಗೆ ಇದು ಮರೆತುಹೋಗಿರಬಹುದು. ಮದುವೆ, ಹೆರಿಗೆಯಂಥ ಶುಭದ ಕಾಗದವಾದರೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಿದ್ದೆವು. ಸಾವಿನ ಸುದ್ದಿಯಾದರೆ ಕಾರ್ಡಿನ ಒಂದು ಮೂಲೆಯನ್ನು ಹರಿದು ಕಳಿಸುತ್ತಿದ್ದೆವು. ಮೂಲೆ ಹರಿದ ಕಾರ್ಡನ್ನು ಯಾರೂ ಮನೆಯೊಳಗೆ ಒಯ್ಯುವುದಿಲ್ಲ. ಬೇರೆ ಕಾರ್ಡಾದರೆ ಹೊಸ್ತಿಲಲ್ಲಿ ನಿಂತು ಓದಿ ಹೇಳುವ ಟಪಾಲಿನವನು ಕೂಡ ಇದನ್ನು ಓದದೆ, ಬಾಗಿಲ ಹೊರಗೆ ಇಟ್ಟು, ಮೇಲೊಂದು ಕಲ್ಲು ಹೇರಿ, ಬಂದ ಊರಿನ ಹೆಸರನ್ನಷ್ಟೇ ಹೇಳಿ ಹೋಗುತ್ತಾನೆ. ಎಲ್ಲಿಂದ ಬಂತು ಎಂದು ಗೊತ್ತಾದರೆ ಸಾಕು, ಯಾರು ಹೋದರೆಂದು ಮನೆಯವರಿಗೆ ತಿಳಿಯುತ್ತಿತ್ತು. ದುಃಖದಲ್ಲಿ ಬಂದವರ ಕೈಯಿಂದ ಆ ಕೆಲಸ ಮಾಡಿಸಬಾರದೆಂದು ಮೂಲೆಯನ್ನು ಬರೆಯುವವರೇ ಹರಿಯುತ್ತಿದ್ದೆವು. ಶಾಯಿ ಒಣಗಿದ ಮೇಲೆ ಎಡಗೈ ಹೆಬ್ಬೆರಳು ಒತ್ತಿ ಒಂದು ಎಳೆತ, ಅಷ್ಟೇ.

ಯುದ್ಧದ ದಿನಗಳಲ್ಲಿ ಒಂದು ಬೇಸಗೆ ಆದವಾನಿಗೆ ಕಾಲರಾ ಬಂತು. ಜನ ಬೆಳಿಗ್ಗೆ ಎದ್ದು ಕೂತವರು ಸಂಜೆಗೆ ಇರುತ್ತಿರಲಿಲ್ಲ. ಆ ಒಂದು ವಾರ ನಾನು ಬರೆದದ್ದೆಲ್ಲ ಸಾವಿನ ಕಾಗದ. ಒಂದು ಕಾರ್ಡು ಬರೆಯುವುದು, ಶಾಯಿ ಹೀರುವ ಒತ್ತುಕಾಗದ ಒತ್ತುವುದು, ಮೂಲೆ ಹರಿಯುವುದು, ಮುಂದಿನವರನ್ನು ಕರೆಯುವುದು. ನಾನು ಬರೆಯುವ ಮಣೆಯ ಕೆಳಗೆ ಹರಿದ ಮೂಲೆಗಳು ಬಿದ್ದಿರುತ್ತಿದ್ದವು. ಗುಡಿಸುವವಳು ಅವನ್ನು ಮುಟ್ಟಲು ಒಪ್ಪದ್ದರಿಂದ ನಾನೇ ಗೋರಿ ಹೊರಗೆ ಚೆಲ್ಲುತ್ತಿದ್ದೆ.

ಆ ವಾರದಲ್ಲೇ ಉರುಕುಂದಪ್ಪ ಬಂದದ್ದು. ನಾಗಲದಿನ್ನೆಯವನು, ಹತ್ತಿ ಪ್ರೆಸ್ಸಿನಲ್ಲಿ ಅಂಡಿಗೆ ಮೂಟೆ ಹೊರುವ ಕೆಲಸ. ಇಪ್ಪತ್ತೈದರ ಗಟ್ಟಿ ಆಳು.

“ಪಂತುಲು, ನನ್ನ ಹೇಂತಿಗೆ ಒಂದು ಕಾರ್ಡು ಬರೀರಿ. ಇಲ್ಲಿ ಬ್ಯಾನಿ ಬಿದ್ದೈತಿ, ಅದಕ್ಕ ಸದ್ಯ ಊರಿಗೆ ಬರಂಗಿಲ್ಲ ಅನ್ರಿ. ಬ್ಯಾನಿ ತಗೊಂಡು ಊರಿಗೆ ಹೋಗಬಾರದಲ್ಲ. ನಾನು ಗಟ್ಟಿ ಅದೀನಿ, ಹೆದರಬ್ಯಾಡ ಅಂತ ಬರೀರಿ.”

“ಬರದೆ” ಎಂದೆ.

“ಹೆದರಬ್ಯಾಡ ಅನ್ನೋದನ್ನ ಎರಡು ಸಲ ಬರೀರಿ. ಆಕಿ ಭಾಳ ಪುಕ್ಕಲಿ.”

ಎರಡು ಸಲ ಬರೆದೆ. ಅದು ನನಗೆ ಚೆನ್ನಾಗಿ ನೆನಪಿದೆ. ಅವನು ಕಾರ್ಡನ್ನು ನನ್ನ ಕೈಯಲ್ಲೇ ಬಿಟ್ಟು, ಡಬ್ಬಿಗೆ ಹಾಕಿಬಿಡ್ರಿ ಎಂದು ಹೇಳಿ ಪ್ರೆಸ್ಸಿಗೆ ಓಡಿದ್ದೂ ನೆನಪಿದೆ. ಮೂಲೆ ಹರಿದದ್ದು ಮಾತ್ರ ನೆನಪಿಲ್ಲ. ಇಂದಿಗೂ ಇಲ್ಲ.

ಸುಮಾರು ಒಂದು ತಿಂಗಳಾದ ಮೇಲೆ ಅದೇ ಉರುಕುಂದಪ್ಪ ಬಂದು ನನ್ನ ಮಣೆಯ ಮೇಲೆ ಕಾರ್ಡೊಂದನ್ನು ಇಟ್ಟ. ಮಳೆ ಬಿಸಿಲಿಗೆ ಬಣ್ಣಗೆಟ್ಟಿತ್ತು. “ಓದ್ರಿ” ಎಂದ. ನನ್ನ ಅಕ್ಷರವೇ. “ಇತ್ತ ನಾನು ಕ್ಷೇಮ. ಹೆದರಬೇಡ. ಹೆದರಬೇಡ.” ಬಲಗಡೆಯ ಮೇಲಿನ ಮೂಲೆ ಇರಲಿಲ್ಲ.

ಅವನು ಕೂಗಾಡಲಿಲ್ಲ. ನಿಂತುಕೊಂಡೇ ಹೇಳಿದ. “ಟಪಾಲಿನ ಹುಸೇನಸಾಬ ಇದನ್ನ ಬಾಗಿಲ ಹೊರಗ ಇಟ್ಟು ಕಲ್ಲು ಹೇರಿ ಹೋಗ್ಯಾನ. ಆದವಾನ್ಯಾಗ ನಮ್ಮೋರು ಅಂತ ಇದ್ದಾತ ನಾನೊಬ್ಬನ. ಇಲ್ಲಿ ಬ್ಯಾನಿ ಇದ್ದದ್ದೂ ಊರಿಗೆಲ್ಲ ಗೊತ್ತು. ಯಾರು ಓದಸ್ತಾರ್ರಿ? ಮೂರನೇ ದಿನ ಸುಂಕಮ್ಮನ್ನ ಹೊಳಿಗೆ ಕರಕೊಂಡು ಹೋಗಿ ಬಳಿ ಒಡಿಸ್ಯಾರ. ತಾಳಿ ಹೊಳಿಗೆ ಬಿಡಿಸ್ಯಾರ. ಬ್ಯಾನಿ ನಿಂತ ಮ್ಯಾಗ ನಾನು ಊರಿಗೆ ಹೋದ್ರ ನಮ್ಮವ್ವ ನನ್ನ ನೋಡಿ ಬಾಗಿಲ ಹಾಕ್ಕೊಂಡ್ಳು.”

“ಹಿರೇರು ಏನಂದ್ರಪ್ಪ?” ಎಂದು ಹೇಗೋ ಕೇಳಿದೆ.

“ಆಕಿಗೆ ಇನ್ನೊಂದು ತಾಳಿ ಕಟ್ಟು, ಎಲ್ಲ ಸರಿ ಆಗ್ತೈತಿ ಅಂದ್ರು. ನನ್ನ ಕೈಲಿ ಆಗವಲ್ದು. ಆಕಿ ಮುಖ ನೋಡಿದ್ರ ನಾನು ಸತ್ತೀನಿ ಅನಸ್ತೈತಿ. ಆಕಿ ಕೊಟ್ಟ ನೀರು ಗಂಟಲಾಗ ಇಳಿಯಂಗಿಲ್ಲ.” ಕಾರ್ಡನ್ನು ಅಲ್ಲೇ ಬಿಟ್ಟು ಅವನು ಹೊರಟುಹೋದ.

ಅಂದು ಮುಂದಿನ ಗಿರಾಕಿಗೆ ನಾನು “ಇತ್ತ ನಾವು” ಎಂದು ಬರೆದೆ. “ಕ್ಷೇಮ” ಎಂಬಲ್ಲಿ ಕೈ ನಿಂತಿತು. ನಿಬ್ಬನ್ನು ದೌತಿಯಲ್ಲಿ ಅದ್ದಿದೆ, ಒರೆಸಿದೆ, ಮತ್ತೆ ಅದ್ದಿದೆ. ನೋಡಿದರೆ ಎಡಗೈ ಹೆಬ್ಬೆರಳು ಕಾರ್ಡಿನ ಮೂಲೆಯ ಮೇಲೆ ಕೂತಿದೆ. ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಪ್ರಯತ್ನಿಸಿದೆ. ಅಕ್ಷರ ಬರಲಿಲ್ಲ. ಗಿರಾಕಿ ಸ್ವಲ್ಪ ಹೊತ್ತು ಕಾದು, ಪಕ್ಕದವರ ಮುಂದೆ ಹೋಗಿ ಕೂತ.

ಅದಾದ ಮೇಲೆ ನಾನು ಮಾಡದ ಕಸರತ್ತಿಲ್ಲ. ನಿಬ್ಬು ಬದಲಾಯಿಸಿದೆ, ಶಾಯಿ ಬದಲಾಯಿಸಿದೆ, ಕೂರುವ ದಿಕ್ಕನ್ನೂ ಬದಲಾಯಿಸಿದೆ. ಗೋವಿಂದಪ್ಪನವರ ಹಳೆಯ ಪಾಠದಂತೆ ಬೆಳಿಗ್ಗೆ ಎದ್ದು ಒಂದೇ ಸಾಲನ್ನು ತಿದ್ದಲು ಕೂತೆ. ಮೊದಲೆರಡು ಪದ ಬರುತ್ತಿದ್ದವು, ಮೂರನೆಯದು ಬರುತ್ತಿರಲಿಲ್ಲ. ಉರುಕುಂದಿ ಈರಣ್ಣನ ಗುಡಿಗೆ ಹೋಗಿ ಲೇಖನಿಯನ್ನು ಪಾದದ ಬಳಿ ಇಟ್ಟು ಬಂದೆ. ನನ್ನ ಹೆಂಡತಿ ನಾಲ್ಕು ತಿಂಗಳು ಸುಮ್ಮನೆ ನೋಡಿ, “ಬರಿಯಾಕ ಬರದಿದ್ರ ನನ್ನ ಕೂಡ ಹತ್ತಿ ಬಿಡಿಸಾಕರ ಬರ್ರಿ. ಅದಕ್ಕ ಕ್ಷೇಮ ಬರಿಯೋದು ಬೇಕಾಗಂಗಿಲ್ಲ” ಎಂದಳು. ಒಂದಷ್ಟು ದಿನ ಹೋದೆ ಕೂಡ.

ಹುಸೇನಸಾಬ ಮಾತ್ರ ಹಳ್ಳಿಗಳ ಟಪಾಲು ಹಂಚಿ ಬಂದಾಗಲೆಲ್ಲ ಪಕ್ಕದಲ್ಲಿ ಕೂರುತ್ತಿದ್ದ. ಕಾರ್ಡು ತಲುಪಿಸಿದವನು ತಾನೇ ಎಂಬ ಕೊರಗು ಅವನಿಗೂ ಇತ್ತು. “ಯಾರಿಗೂ ಕಳಿಸಬ್ಯಾಡ ಭಾಯ್. ದಿನಾ ಒಂದು ಸಾಲು ಬರಿ, ಹರದು ಒಗಿ. ಕೈ ತಾನ ರವಾನಾ ಆಗ್ತೈತಿ” ಎಂದ. ಒಳ್ಳೆಯ ಮಾತೇ. ಆದರೆ ಬರೆದು ಹರಿ ಎಂದಾಗ ನಾನು ಕಾರ್ಡುಗಳನ್ನು ದೂರ ಸರಿಸಿದೆ. ಕೈ ತಾನೇ ಓಡಿದ್ದರಿಂದಲ್ಲವೇ ಇಷ್ಟೆಲ್ಲ ಆದದ್ದು?

ಅಂಚೆಕಚೇರಿಯ ಪೋಸ್ಟುಮಾಸ್ತರರು ಮದರಾಸು ಕಡೆಯವರು. ಕನ್ನಡ ಬಾರದು. ಜಗಲಿಯ ಮೇಲೆ ಶಾಯಿಯ ಕಲೆ ಬೀಳದಿದ್ದರೆ ಅವರಿಗೆ ಸಾಕು. ಐದಾರು ತಿಂಗಳು ನಾನು ಖಾಲಿ ಮಣೆಯ ಮುಂದೆ ಕೂತದ್ದನ್ನು ನೋಡಿ ಒಂದು ದಿನ ಹೊರಗೆ ಬಂದರು. “ರಾಸೇವಾಳ್ಳಕೇ ಈ ಅರುಗು” ಎಂದು ತೆಲುಗಿನಲ್ಲಿ ಹೇಳಿದರು. ಬರೆಯುವವರಿಗಷ್ಟೇ ಈ ಜಗಲಿ. ಸಂಕ್ರಾಂತಿಯೊಳಗೆ ಬರೆಯದಿದ್ದರೆ ಜಾಗ ಬೇರೆಯವರಿಗೆ ಎಂದರು. ಅವರನ್ನು ಬೈದುಕೊಳ್ಳಲೂ ನನ್ನಲ್ಲಿ ನ್ಯಾಯವಿರಲಿಲ್ಲ.

ಇಷ್ಟರಲ್ಲಿ ಉರುಕುಂದಪ್ಪ ಪ್ರೆಸ್ಸಿನ ಕೆಲಸ ಬಿಟ್ಟು ಊರಿಗೆ ಹೋಗಿ ಇನ್ನೊಬ್ಬಳನ್ನು ಮಾಡಿಕೊಂಡನೆಂದೂ, ಸುಂಕಮ್ಮ ಕೌತಾಳಂನಲ್ಲಿ ತವರು ಸೇರಿದ್ದಾಳೆಂದೂ ಹುಸೇನಸಾಬ ಹೇಳಿದ. ಕೌತಾಳಂ ಏನು ಕಾಶಿಯಲ್ಲ. ಬೆಳಿಗ್ಗೆ ಹೋದರೆ ಸಂಜೆಯೊಳಗೆ ಬರಬಹುದು. ಹೋಗಿ ಆಕೆಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕಿತ್ತು. ನಾನು ಹೋಗಲಿಲ್ಲ. ಹೇಡಿತನ, ಬೇರೆ ಕಾರಣವಿಲ್ಲ.

ಕೊನೆಗೆ ಆಕೆಯೇ ಬಂದಳು. ಸಂತೆಯ ದಿನ, ಜಗಲಿಯ ಮೇಲೆ ಜನವೋ ಜನ. ಇಪ್ಪತ್ತೆರಡರ ಆಚೆ ಈಚೆ ವಯಸ್ಸು, ಬರಿಯ ಹಣೆ, ಬರಿಯ ಕೈ. ಬರೆಯುವವರ ಮುಖಗಳನ್ನೆಲ್ಲ ಒಂದು ಸಲ ನೋಡಿ, ಗಿರಾಕಿ ಇಲ್ಲದ ನನ್ನ ಮುಂದೆ ಬಂದು ಕೂತಳು.

“ನೀವೇನ್ರಿ ಕಾರ್ಡಿನ ಮೂಲಿ ಹರಿಯೋ ಪಂತುಲು?”

“ಹೌದವ್ವ” ಎಂದೆ. ಆಕೆ ಹೆಸರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು.

“ನಾನು ಸುಂಕಮ್ಮ. ನಾಗಲದಿನ್ನಿಗೆ ಒಂದು ಕಾರ್ಡು ಬರಸೂದೈತಿ.”

“ನನ್ನ ಕೈ ಓಡಂಗಿಲ್ಲವ್ವ. ಏಳು ತಿಂಗಳಾತು. ಬಾಜೂಕ ಕುಂತಾರಲ್ಲ, ಅವರ ಕೈಲಿ ಬರಸು.”

“ನನ್ನ ಕಾರ್ಡಿಗೆ ಓಡಿತ್ತಲ್ರಿ” ಎಂದಳು. ದನಿ ಏರಲಿಲ್ಲ. “ಅದೇ ಕೈಲಿ ಬರೀರಿ. ಸುಂಕಮ್ಮ ಸತ್ಲು ಅಂತ ಬರೀರಿ. ಮೂಲಿ ಹರದು ನನ್ನ ಗಂಡಗ ಕಳಸ್ರಿ.”

“ಬದುಕಿದ್ದೋರ ಸಾವು ಬರೀಬಾರದವ್ವ.”

“ಹೋದ ಸಲ ಬರದದ್ದು ಯಾರ ಸಾವ್ರಿ?”

ಆಕೆಯೇ ಮುಂದುವರಿಸಿದಳು. “ಊರ ಮುಂದ ನಿಂತು ಅವ, ನನ್ನ ಪಾಲಿಗೆ ನೀ ಸತ್ತಿ ಅಂದ. ಆತು. ಸತ್ತೋರಿಗೆ ನೀರು ಹಾಕ್ಕೋಬೇಕಲ್ಲ? ನಾನು ಅವನ ಹೆಸರಿಲೆ ಹೊಳ್ಯಾಗ ಮೂರು ಸಲ ಮುಳುಗೀನಿ. ಬಳಿ ಒಡಕೊಂಡೀನಿ. ಅವ ನನ್ನ ಹೆಸರಿಲೆ ಒಂದು ತಂಬಿಗಿ ನೀರರ ತಲಿಮ್ಯಾಗ ಹಾಕ್ಕೊಳ್ಳಲಿ. ಅಷ್ಟಾದ್ರ ನನ್ನ ಲೆಕ್ಕ ತೀರ್ತೈತಿ. ಆಮ್ಯಾಗ ನಾನು ಅವನ ಹೇಂತಿನೂ ಅಲ್ಲ, ಮುಂಡಿನೂ ಅಲ್ಲ.”

ನಾನು ಕಾರ್ಡು ತೆಗೆದುಕೊಂಡೆ. “ಇತ್ತ ನಾವು ಕ್ಷೇಮ” ಎಂಬ ಸಾಲನ್ನು ಬಿಟ್ಟೆ. ಗೋವಿಂದಪ್ಪನವರು ಕಲಿಸಿದ ಒಂದು ಪದವನ್ನೂ ಹಾಕಲಿಲ್ಲ. ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಬರೆದೆ, ಶಾಲೆಗೆ ಹೊಸದಾಗಿ ಸೇರಿದವರ ಹಾಗೆ. ಬರೆದದ್ದು ಇಷ್ಟು: “ಉರುಕುಂದಪ್ಪನಿಗೆ. ಸುಂಕಮ್ಮ ಬದುಕಿದ್ದಾಳೆ. ಆಕೆಯ ತಪ್ಪು ಏನೂ ಇಲ್ಲ. ಮೂಲೆ ಹರಿದವನು ನಾನು. ಶಿಕ್ಷೆ ನನಗೆ ಆಗಬೇಕು, ಆಕೆಗಲ್ಲ.” ಕೆಳಗೆ ನನ್ನ ಹೆಸರು, ವಿಳಾಸದ ಬದಿಗೆ ಕೌತಾಳಂನಿಂದ ಎಂದು ಹಾಕಿದೆ. ನಡುವೆ ಎಲ್ಲೂ ಕೈ ನಿಲ್ಲಲಿಲ್ಲ. ಅದು ನನಗೆ ಗೊತ್ತಾದದ್ದು ಬರೆದು ಮುಗಿದ ಮೇಲೆ.

“ಬರದ್ರೇನ್ರಿ?”

“ಬರದೆ.”

“ಸತ್ಲು ಅಂತ ಬರದ್ರೇನು?”

“ಹೌದವ್ವ” ಎಂದೆ. ಓದಲು ಬಾರದ ಆಕೆಗೆ ಎರಡನೆಯ ಸಲ ಮೋಸ ಮಾಡುತ್ತಿದ್ದೇನೆಂದು ತಿಳಿದೇ ಹೇಳಿದೆ.

ಮೂಲೆ ಹರಿಯಲು ಮಾತ್ರ ನನ್ನಿಂದಾಗಲಿಲ್ಲ. ಆಕೆ ಕಾರ್ಡನ್ನು ಎಳೆದುಕೊಂಡು ತಾನೇ ಹರಿದಳು. ಹರಿದ ತುಂಡನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಆಗ ನನಗೆ ಹೊಳೆಯಿತು, ಈ ಕಾರ್ಡನ್ನೂ ಯಾರೂ ಓದುವುದಿಲ್ಲ. ಹುಸೇನಸಾಬನಿಗೆ ಹೇಳಿದ್ದರೆ ಓದಿ ಹೇಳುತ್ತಿದ್ದನೋ ಏನೋ. ಹೇಳಿದರೆ ಆಕೆ ಬೇಡಿದ್ದು ಕೆಡುತ್ತಿತ್ತು. ಹೇಳದೆ ಡಬ್ಬಿಗೆ ಹಾಕಿದೆ.

ಮರುದಿನ ಒಬ್ಬ ಮುದುಕಿ ಮಗನಿಗೆ ಬರೆಸಲು ಬಂದಳು. “ಕ್ಷೇಮ” ಎಂಬಲ್ಲಿ ಕೈ ತಡೆದು ತಡೆದು ಬಂದರೂ ಬರೆದುಕೊಟ್ಟೆ. ಅದರ ಮರುದಿನವೂ ಬರೆದೆ. ನನ್ನ ಜಾಗ ಉಳಿಯಿತು. ಆದರೆ ಹಿಂದಿನ ವೇಗ ಮತ್ತೆ ಬರಲಿಲ್ಲ, ನಾನೂ ಅದನ್ನು ಕರೆಯಲಿಲ್ಲ. ಪ್ರತಿ ಕಾರ್ಡನ್ನೂ ಮುಗಿಸಿ, ಬರೆಸಿದವರಿಗೆ ಓದಿ ಹೇಳಿ, ನಾಲ್ಕೂ ಮೂಲೆ ಮುಟ್ಟಿ ನೋಡಿ ಕೊಡುತ್ತಿದ್ದೆ. ಸಾವಿನ ಕಾಗದವಾದರೆ ಮೂಲೆಯನ್ನು ನೀವೇ ಹರಿಯಿರಿ ಎನ್ನುತ್ತಿದ್ದೆ. ಕೆಲವರು ನನ್ನನ್ನು ಕಲ್ಲುಮನಸ್ಸಿನವನು ಎಂದರು. ಕಾಯುವ ತಾಳ್ಮೆ ಇಲ್ಲದವರು ಪಕ್ಕಕ್ಕೆ ಸರಿದರು. ಗೋವಿಂದಪ್ಪನವರು ಬದುಕಿದ್ದರೆ ಗೆಣ್ಣು ಮುರಿಯುತ್ತಿದ್ದರು.

ಎಂಟು ದಿನ ಕಳೆದು ಹುಸೇನಸಾಬ ನಾಗಲದಿನ್ನೆಯಿಂದ ಬಂದವನು ಮಣೆಯ ಪಕ್ಕ ಕೂತ. ಚೀಲ ಇಳಿಸಿ, ಪೇಟ ತೆಗೆದ. ಆ ಕಾರ್ಡು ಏನಾಯಿತೆಂದು ನಾನೇ ಕೇಳಿದೆ.

“ಕೌತಾಳಂದು ಅಂತ ಹೇಳಿ, ಕಲ್ಲು ಹೇರಿ ಬಾಜೂಮನಿ ಕಟ್ಟಿಮ್ಯಾಗ ಕುಂತೆ ಭಾಯ್, ನೋಡಬೇಕಂತ” ಎಂದ. “ಹೊಸ ಹೇಂತಿ ಪಾಪ ತಂಬಿಗಿ ನೀರು ತಂದು ಮುಂದ ಹಿಡಿದ್ಳು. ಅವ ಏನಂದ ಗೊತ್ತೇನು? ಆಕಿ ನನಗ ಏನಾಗಬೇಕಂತ ನೀರು ಹಾಕ್ಕೋಬೇಕು ಅಂದ. ಕಾರ್ಡನ್ನ ಕಾಲಿಲೆ ಸರಿಸಿ ಕುರಿ ಹೊಡಕೊಂಡು ಹೋದ.”

ಅವನಿಗೆ ಅದರಲ್ಲಿ ಬರೆದದ್ದನ್ನು ನಾನು ಹೇಳಲಿಲ್ಲ. ನಾನು ಬರೆದ ಸಾವಿರಾರು ಕಾಗದಗಳಲ್ಲಿ ಬೇರೆಯವರು ಹೇಳಿಕೊಡದೆ ಸ್ವಂತವಾಗಿ ಬರೆದದ್ದು ಅದೊಂದೇ. ಅದು ನಾಗಲದಿನ್ನೆಯ ಅಂಗಳದ ಮಣ್ಣಲ್ಲಿ ಸೇರಿಹೋಯಿತು.

ಮುಂದಿನ ಸಂತೆಗೆ ಸುಂಕಮ್ಮ ಬಂದಳು. ಆಗ ನಾನು ಬರೆಯುತ್ತಿದ್ದೆ. ಗಿರಾಕಿಯ ಕಾರ್ಡು ಮುಗಿಯುವ ತನಕ ಕಂಬಕ್ಕೆ ಒರಗಿ ಕಾದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ನೀರು ಹಾಕ್ಕೊಂಡನೇನ್ರಿ?”

ದೌತಿಯ ಮುಚ್ಚಳ ಹಾಕಿದೆ, ತೆಗೆದೆ. “ಹಾಕ್ಕೊಂಡನಂತವ್ವ. ಹುಸೇನಸಾಬ ಕಣ್ಣಾರೆ ನೋಡ್ಯಾನ. ಹೊಳಿಗೆ ಹೋಗಿ ಮುಳುಗಿ ಬಂದನಂತ.”

“ಎಷ್ಟು ಸಲ ಮುಳುಗಿದನಂತ?”

“ಮೂರು ಸಲ.”

ಆಕೆ ಸೆರಗಿನ ಗಂಟು ಬಿಚ್ಚಿ, ಆ ಹರಿದ ಮೂಲೆಯನ್ನು ತೆಗೆದು ನನ್ನ ಮಣೆಯ ಮೇಲೆ ಇಟ್ಟಳು. ಹೊರಡುವಾಗ ತಿರುಗಿ, “ಬಳಿಗಾರರ ಓಣಿ ಯಾವ ಕಡಿ ಬರ್ತೈತ್ರಿ ಪಂತುಲು?” ಎಂದು ಕೇಳಿದಳು.

ಕೈ ಎತ್ತಿ ದಾರಿ ತೋರಿಸಿದೆ. ಆಕೆ ಸಂತೆಯ ಜನದಲ್ಲಿ ಮರೆಯಾದ ಮೇಲೆ ಮುಂದಿನವರನ್ನು ಕರೆದು ಕಾರ್ಡು ತೆಗೆದುಕೊಂಡೆ. “ಇತ್ತ ನಾವು ಕ್ಷೇಮ” ಎಂಬ ಸಾಲು ಅಂದು ಒಂದೇ ಸಲಕ್ಕೆ ಬಂತು.